ಕೂದಲಿನ ಜೀರ್ಣೋದ್ಧಾರವೂ ಅದರ ಪರೀಕ್ಷೆಯೂ

ಅಂಗಡಿಯ ಕಪಾಟಿನಲ್ಲಿ ಸಾಲುಗಟ್ಟಿ ನಿಂತಿರುವ ಶಾಂಪೂ, ಕಂಡೀಷನರ್, ಸೀರಮ್ ಮೊದಲಾದವುಗಳ ಶೀಷೆಗಳಲ್ಲಿ ಯಾವುದೊಂದನ್ನು ಕೈಗೆತ್ತಿಕೊಂಡರೂ, ಹಾನಿಗೊಂಡ ಕೂದಲನ್ನು ಅದು ಬುಡದಿಂದ ತುದಿಯವರೆಗೆ ಸರಿಪಡಿಸಿಕೊಡುವುದೆಂಬ ಆಶ್ವಾಸನೆಯೂ, ಆ ಆಶ್ವಾಸನೆಗೆ ಸಾಕ್ಷಿಯಾಗಿ ಶೇಕಡಾ ತೊಂಬತ್ತರ ಆಸುಪಾಸಿನ ಒಂದು ಅಂಕಿಯೂ, ಆ ಅಂಕಿಯ ಹೆಗಲೇರಿ ಕುಳಿತ ಒಂದು ಪುಟ್ಟ ನಕ್ಷತ್ರಚಿಹ್ನೆಯೂ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತವೆ. ನಕ್ಷತ್ರದ ಅರ್ಥವನ್ನು ತಿಳಿಯಬೇಕೆಂಬ ಕುತೂಹಲದಿಂದ ಶೀಷೆಯನ್ನು ಹಿಂದುಮುಂದಾಗಿ ತಿರುಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಓದಿದವರಿಗೆ, ‘ಕಂಡೀಷನರ್ ಗುಣವಿಲ್ಲದ ಶಾಂಪೂವಿಗೆ ಹೋಲಿಸಿದಾಗ’ ಎಂಬರ್ಥದ ಒಂದು ಸಾಲು, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಗೋಚರಿಸೀತು. ಆ ಅಂಕಿ ಬಹುತೇಕ ಸುಳ್ಳಲ್ಲ. ಎಲ್ಲಿಯೋ ಒಂದು ಪ್ರಯೋಗಶಾಲೆಯಲ್ಲಿ, ನಿಷ್ಠೆಯಿಂದ ದುಡಿಯತಕ್ಕ ಯಾರೋ ಒಬ್ಬರು ಯಂತ್ರದ ಮುಂದೆ ಕುಳಿತು ಅದನ್ನು ಅಳೆದೇ ಇರುತ್ತಾರೆ. ಆದರೆ ಅವರು ಅಳೆದದ್ದು ಏನನ್ನು ಎಂಬ ಪ್ರಶ್ನೆಗೂ, ಕೊಳ್ಳುವವರು ಮನಸ್ಸಿನಲ್ಲಿಟ್ಟುಕೊಂಡ ಪ್ರಶ್ನೆಗೂ ನಡುವೆ ಇರುವ ಅಂತರವು ಸ್ವಲ್ಪಮಟ್ಟಿನದಲ್ಲ.

ಮೊದಲನೆಯದಾಗಿ, ನೆತ್ತಿಯ ಚರ್ಮದಿಂದ ಹೊರಬಂದ ಕೂದಲು ಜೀವವಿಲ್ಲದ ವಸ್ತು. ಚರ್ಮ ಕೊಯ್ದರೆ ಕೂಡಿಕೊಳ್ಳುತ್ತದೆ, ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಕೂದಲಿಗಾದರೋ ರಕ್ತವಿಲ್ಲ, ನರವಿಲ್ಲ, ತನ್ನನ್ನು ತಾನು ಸರಿಪಡಿಸಿಕೊಳ್ಳತಕ್ಕ ಜೀವಕೋಶಗಳಿಲ್ಲ. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಅದು ಬೆಳೆಯುವುದರಿಂದ, ಸೊಂಟದವರೆಗೆ ಜಡೆ ಇಳಿಬಿಟ್ಟ ಹೆಣ್ಣುಮಗಳ ಜಡೆಯ ತುದಿಯಲ್ಲಿರುವ ಕೂದಲು ಐದಾರು ವರ್ಷಗಳ ಹಿಂದೆ ಹುಟ್ಟಿದ್ದು. ಅಷ್ಟು ವರ್ಷಗಳ ಬಿಸಿಲು, ಬಾಚಣಿಗೆ, ಬಿಸಿನೀರು, ದಿಂಬಿನ ಉಜ್ಜಾಟ ಇವೆಲ್ಲವನ್ನೂ ಅದು ಅನುಭವಿಸಿ ಮುಗಿಸಿದೆ, ಮತ್ತು ಅವುಗಳಲ್ಲಿ ಒಂದನ್ನೂ ಮರೆತಿಲ್ಲ. ಆದಕಾರಣ ಇಲ್ಲಿ ನಡೆಯಬಹುದಾದದ್ದು ಆರೋಗ್ಯದ ಮರಳಿಕೆಯಲ್ಲ, ಜೀರ್ಣೋದ್ಧಾರ. ಅದನ್ನು ಪರೀಕ್ಷಿಸುವ ಶಾಸ್ತ್ರವೂ ವೈದ್ಯಕ್ಕಿಂತ ಹೆಚ್ಚಾಗಿ ನೂಲು ನೇಯ್ಗೆಗಳ ಶಾಸ್ತ್ರಕ್ಕೆ ಹತ್ತಿರದ ಬಂಧು.

ಕೂದಲಿನ ಒಂದು ಎಳೆಯ ದಪ್ಪ ಸುಮಾರು 50ರಿಂದ 100 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ಅದು ಮೀರುವುದು ಅಪರೂಪ. ಅಷ್ಟರೊಳಗೇ ಪ್ರಕೃತಿಯು ಎರಡು ಬಗೆಯ ಕಟ್ಟಡವನ್ನು ಕಟ್ಟಿದೆ. ಹೊರಗೆ, ಒಂದೊಂದೂ ಅರ್ಧ ಮೈಕ್ರಾನಿನಷ್ಟು ತೆಳುವಾದ ಶಲ್ಕಗಳು, ಮಂಗಳೂರು ಹೆಂಚು ಹೊದಿಸಿದ ಮಾಡಿನಲ್ಲಿ ಹೆಂಚಿನ ಮೇಲೆ ಹೆಂಚು ಏರಿ ಕುಳಿತಂತೆ, ಆರರಿಂದ ಹತ್ತು ಪದರಗಳಾಗಿ, ಅಂಚುಗಳೆಲ್ಲ ತುದಿಯ ಕಡೆಗೆ ಮುಖಮಾಡಿ ಕುಳಿತಿವೆ. ಈ ಶಲ್ಕಗಳ ಹೊರಮೈಗೆ ಒಂದು ವಿಶೇಷ ಜಾತಿಯ ಸ್ನಿಗ್ಧಾಮ್ಲವು ರಾಸಾಯನಿಕವಾಗಿ ಬೆಸೆದುಕೊಂಡಿದ್ದು, ಕೂದಲು ನುಣುಪಾಗಿರುವುದಕ್ಕೂ ನೀರನ್ನು ತಳ್ಳುವುದಕ್ಕೂ ಅದೇ ಮುಖ್ಯ ಕಾರಣ. ಶಲ್ಕಗಳ ಒಳಗೆ ಎಳೆಯ ಬಹುಭಾಗವನ್ನು ಆಕ್ರಮಿಸಿರುವ ತಿರುಳು ಇದೆ. ಕೆರಾಟಿನ್ ಎಂಬ ಪ್ರೋಟೀನಿನ ಸುರುಳಿಗಳು ಉದ್ದಕ್ಕೂ ಹಬ್ಬಿ, ಗಂಧಕದ ಎರಡೆರಡು ಪರಮಾಣುಗಳ ಕೊಂಡಿಗಳಿಂದ, ಎಂದರೆ ಡೈಸಲ್ಫೈಡ್ ಬಂಧಗಳಿಂದ, ಪರಸ್ಪರ ಕಟ್ಟುಗೊಂಡಿರುವುದು ಅಲ್ಲಿಯೇ. ಎಳೆಯ ಬಲವೆಲ್ಲ ತಿರುಳಿನದು, ಎಳೆಯ ಸೊಗಸೆಲ್ಲ ಶಲ್ಕಗಳದು. ಮುಂದೆ ಹೇಳಲಿರುವ ಪರೀಕ್ಷೆಗಳ ಗುಟ್ಟೂ, ಜಾಹೀರಾತುಗಳ ಚಾತುರ್ಯವೂ ಈ ಒಂದು ವಿಭಾಗದಲ್ಲಿಯೇ ಅಡಗಿವೆ.

ಹಾನಿಯೂ ಎರಡು ಬಗೆ. ಬಾಚಣಿಗೆಯ ಎಳೆತದಿಂದ ಶಲ್ಕಗಳ ಅಂಚು ಎದ್ದು ಮುರಿಯುತ್ತದೆ. ಇದು ನಿಧಾನದ ಸವೆತ. ಕೂದಲಿಗೆ ಬ್ಲೀಚ್ ಹಾಕಿಸಿದಾಗ ಆಗುವುದು ಬೇರೆಯೇ. ಕ್ಷಾರದ ಸಂಗಡ ಹೈಡ್ರೋಜನ್ ಪೆರಾಕ್ಸೈಡ್ ಒಳನುಗ್ಗಿ, ಕಪ್ಪು ಬಣ್ಣದ ಕಣಗಳನ್ನು ಕರಗಿಸುವ ತನ್ನ ಕೆಲಸದ ಜೊತೆಗೆ, ಹೊರಮೈಯ ಸ್ನಿಗ್ಧಾಮ್ಲವನ್ನು ಕಿತ್ತುಹಾಕುವುದಲ್ಲದೆ, ಡೈಸಲ್ಫೈಡ್ ಬಂಧಗಳಲ್ಲಿ ಹಲವನ್ನು ಮುರಿದು, ಅಲ್ಲಿದ್ದ ಗಂಧಕವನ್ನು ಆಮ್ಲಜನಕದೊಡನೆ ಕೂಡಿಸಿ ಸಿಸ್ಟೀಯಿಕ್ ಆಮ್ಲವೆಂಬ ಬೇರೊಂದು ವಸ್ತುವನ್ನಾಗಿ ಮಾರ್ಪಡಿಸಿಬಿಡುತ್ತದೆ. ಹೀಗೆ ಒಮ್ಮೆ ಮಾರ್ಪಟ್ಟ ಗಂಧಕವನ್ನು ಸ್ನಾನದ ಮನೆಯಲ್ಲಿ ಬಳಸುವ ಯಾವ ಲೇಪನವೂ ಹಿಂದಿನ ಸ್ಥಿತಿಗೆ ತರಲಾರದು. ಸೌಂದರ್ಯವರ್ಧಕಗಳ ತಯಾರಕರ ರಸಾಯನಜ್ಞರಿಗೂ ಇದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಂತೆ ಬರೆಯುವವರು ಜಾಹೀರಾತಿನ ವಿಭಾಗದವರು.

ನೂಲಿನ ಶಾಸ್ತ್ರದ ಬಂಧುತ್ವವನ್ನು ಹೇಳಿದೆನಷ್ಟೆ. ಇಂಗ್ಲೆಂಡಿನ ಉಣ್ಣೆಯ ಕೈಗಾರಿಕೆಗೆ ನೆಲೆಯಾಗಿದ್ದ ಲೀಡ್ಸ್ ನಗರದ ವಿಶ್ವವಿದ್ಯಾನಿಲಯಕ್ಕೆ 1928ರಲ್ಲಿ ಬಂದ ವಿಲಿಯಂ ಆಸ್ಟ್‌ಬರಿಯವರು, ಉಣ್ಣೆಯ ಮತ್ತು ಕೂದಲಿನ ಎಳೆಗಳ ಮೂಲಕ ಕ್ಷಕಿರಣಗಳನ್ನು ಹಾಯಿಸಿ, ಎಳೆಯನ್ನು ಎಳೆದು ಹಿಗ್ಗಿಸಿದಾಗ ಅದರ ಒಳರಚನೆಯೇ ಬದಲಾಗುವುದನ್ನು ಕಂಡುಹಿಡಿದರು. ಮಡಿಸಿದ ಸ್ಥಿತಿಯೊಂದು, ಬಿಚ್ಚಿದ ಸ್ಥಿತಿಯೊಂದು. ಮಡಿಕೆಯು ನಿಜವಾಗಿ ಒಂದು ಸುರುಳಿಯೆಂಬುದನ್ನು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಅತ್ತ ಅಮೆರಿಕದಲ್ಲಿ 1930ರಲ್ಲಿ ಜವಳಿ ಸಂಶೋಧನೆಗೆಂದು ಹುಟ್ಟಿ, ಪ್ರಿನ್ಸ್‌ಟನ್ನಿನಲ್ಲಿ ನೆಲೆಗೊಂಡ ಸಂಸ್ಥೆಯು, ನೂಲನ್ನು ಅಳೆಯುತ್ತಿದ್ದ ಉಪಕರಣಗಳನ್ನೇ ಮನುಷ್ಯರ ಕೂದಲಿನ ಕಡೆಗೆ ತಿರುಗಿಸಿ, ಇಂದು ಕೇಶಪರೀಕ್ಷೆಯ ಪ್ರಮುಖ ಪೀಠಗಳಲ್ಲಿ ಒಂದಾಗಿದೆ. ಕ್ಲಾರೆನ್ಸ್ ರಾಬಿನ್ಸ್ ಎಂಬವರು 1979ರಲ್ಲಿ ಮೊದಲ ಬಾರಿ ಪ್ರಕಟಿಸಿದ, ಮಾನವ ಕೇಶದ ರಾಸಾಯನಿಕ ಮತ್ತು ಭೌತಿಕ ವರ್ತನೆಯನ್ನು ಕುರಿತ ಗ್ರಂಥವು ಈ ಕ್ಷೇತ್ರದವರ ಮೇಜಿನ ಮೇಲೆ ಈಗಲೂ ಇರತಕ್ಕ ಪುಸ್ತಕ.

ಪರೀಕ್ಷೆಯ ಮೊದಲ ಹೆಜ್ಜೆ ಸರಿಪಡಿಸುವುದಲ್ಲ, ಕೆಡಿಸುವುದು. ಒಬ್ಬರ ತಲೆಯ ಕೂದಲು ಇನ್ನೊಬ್ಬರದರಂತಿಲ್ಲ. ಒಂದೇ ತಲೆಯಲ್ಲಿ ಹಣೆಯ ಮೇಲಿನದು ಕುತ್ತಿಗೆಯ ಮೇಲಿನದರಂತಿಲ್ಲ. ಆದುದರಿಂದ ಪರೀಕ್ಷಕರು ಕೂದಲನ್ನು ವ್ಯಾಪಾರಿಗಳಿಂದ ಕೊಂಡು, ಹಲವು ತಲೆಗಳದನ್ನು ಬೆರೆಸಿ, ಬುಡವೆಲ್ಲ ಒಂದು ಕಡೆಗೆ ಬರುವಂತೆ ಜೋಡಿಸಿ, ಕೆಲವೇ ಗ್ರಾಂ ತೂಕದ ಕುಚ್ಚುಗಳನ್ನಾಗಿ ಕಟ್ಟಿಸಿ, ಎಲ್ಲ ಕುಚ್ಚುಗಳಿಗೂ ಒಂದೇ ಸಮನಾಗಿ ಬ್ಲೀಚ್ ಹಾಕುತ್ತಾರೆ. ಬುಡವೂ ತುದಿಯೂ ಅದಲುಬದಲಾದರೆ ಒಂದು ಎಳೆಯ ಶಲ್ಕಗಳು ಪಕ್ಕದ ಎಳೆಯ ಶಲ್ಕಗಳಿಗೆ ಎದುರಾಗಿ ಸಿಕ್ಕಿಕೊಂಡು ಕುಚ್ಚೆಲ್ಲ ಗಂಟಾಗುವುದರಿಂದ, ಈ ಜೋಡಣೆಯ ವಿಚಾರದಲ್ಲಿ ಅವರು ಬಹಳ ಕಟ್ಟುನಿಟ್ಟು. ಕೂದಲಿನ ಈ ವ್ಯಾಪಾರ ನಮ್ಮವರಿಗೆ ಅಪರಿಚಿತವಲ್ಲ. ತಿರುಮಲೆಯಲ್ಲಿ ಮುಡಿ ಕೊಟ್ಟು ಬಂದವರ ಕೂದಲನ್ನು ದೇವಸ್ಥಾನವು ಉದ್ದದ ಮೇಲೆ ದರ್ಜೆಗಳಾಗಿ ವಿಂಗಡಿಸಿ ಹರಾಜು ಹಾಕುತ್ತದೆ; ಅದು ಬುಡ ತುದಿ ಕಲಸದ ಮೇಲ್ದರ್ಜೆಯ ಸರಕು. ಕೊಪ್ಪಳಕ್ಕೆ ಅಂಟಿಕೊಂಡಂತಿರುವ ಭಾಗ್ಯನಗರದಲ್ಲಾದರೋ, ಬಾಚಣಿಗೆಗೆ ಸಿಕ್ಕಿ ಉದುರಿ ಉಂಡೆಗಟ್ಟಿದ ಕೂದಲನ್ನು ಹೆಂಗಸರು ಕುಳಿತು ಎಳೆಎಳೆಯಾಗಿ ಬಿಡಿಸುತ್ತಾರೆ. ಆ ಉಂಡೆಯಲ್ಲಿ ಯಾವುದು ಬುಡ, ಯಾವುದು ತುದಿ ಎಂಬುದನ್ನು ಬ್ರಹ್ಮನೂ ಹೇಳಲಾರ; ಅದರ ಬೆಲೆ ಕಡಮೆಯಾಗುವುದಕ್ಕೆ ಕಾರಣವೂ, ಪ್ರಯೋಗಶಾಲೆಗೆ ಅದು ಒದಗದಿರುವುದಕ್ಕೆ ಕಾರಣವೂ ಒಂದೇ.

ಕುಚ್ಚು ಸಿದ್ಧವಾದ ಬಳಿಕ ಗಾಳಿಯನ್ನೂ ಸಿದ್ಧಪಡಿಸಬೇಕು. ಕೂದಲು ತೇವವನ್ನು ಹೀರುವುದರಲ್ಲಿ ಬಹು ಚುರುಕು. ನೀರಿನಲ್ಲಿ ನೆನೆದರೆ ಅದರ ದಪ್ಪವು ನೂರಕ್ಕೆ ಸುಮಾರು ಹದಿನೈದರಷ್ಟು ಹಿಗ್ಗುತ್ತದೆ, ಉದ್ದವಾದರೋ ಒಂದೆರಡರಷ್ಟು ಮಾತ್ರ. ಮಳೆಗಾಲದ ಮಡಿಕೇರಿಯಲ್ಲಿ ಅಳೆದದ್ದನ್ನು ಬೇಸಗೆಯ ರಾಯಚೂರಿನಲ್ಲಿ ಅಳೆದದ್ದರೊಡನೆ ಹೋಲಿಸಿದರೆ ವ್ಯತ್ಯಾಸವು ಹವೆಯದೇ ಹೊರತು ಔಷಧದ್ದಲ್ಲ. ಅದಕ್ಕಾಗಿ ಪರೀಕ್ಷಾಗೃಹದ ಆರ್ದ್ರತೆಯನ್ನು ಶೇಕಡಾ 60ರ ಸುತ್ತಮುತ್ತ ಸ್ಥಿರವಾಗಿಟ್ಟು, ಕುಚ್ಚುಗಳನ್ನು ಒಂದು ರಾತ್ರಿಯಾದರೂ ಅಲ್ಲಿ ತೂಗುಹಾಕಿ, ಆಮೇಲೆ ಕೆಲಸ ಪ್ರಾರಂಭಿಸುವುದು ವಾಡಿಕೆ.

ಅತ್ಯಂತ ಹೆಚ್ಚಾಗಿ ನಡೆಯುವ ಪರೀಕ್ಷೆ ಬಾಚುವ ಪರೀಕ್ಷೆ. ಗಾರ್ಸಿಯಾ ಮತ್ತು ಡಿಯಾಜ್ ಎಂಬ ಇಬ್ಬರು 1976ರಲ್ಲಿ ವಿವರಿಸಿದ ಕ್ರಮವು, ಸಣ್ಣಪುಟ್ಟ ಮಾರ್ಪಾಟುಗಳೊಂದಿಗೆ, ಇಂದಿಗೂ ಬಳಕೆಯಲ್ಲಿದೆ. ಕುಚ್ಚಿನ ಬುಡವನ್ನು ಬಲವನ್ನಳೆಯುವ ಯಂತ್ರಕ್ಕೆ ಸಿಕ್ಕಿಸಿ, ಅದರ ಎಳೆಗಳ ನಡುವೆ ಬಾಚಣಿಗೆಯನ್ನು ನಿಗದಿಯಾದ ವೇಗದಲ್ಲಿ ಹಾಯಿಸಿದರೆ, ಎಷ್ಟು ಬಲ ಬೇಕಾಯಿತೆಂಬುದು ರೇಖೆಯಾಗಿ ಮೂಡುತ್ತದೆ. ನಡುಭಾಗದಲ್ಲಿ ಬಾಚಣಿಗೆ ಸರಾಗವಾಗಿ ಜಾರಿ ರೇಖೆಯು ಸಮತಲವಾಗಿ ಸಾಗುತ್ತದೆ. ತುದಿಗೆ ಬಂದಾಗ ಸಿಕ್ಕುಗಳೆಲ್ಲ ಅಲ್ಲಿ ಒಟ್ಟಾಗಿರುವುದರಿಂದ ಅದು ಥಟ್ಟನೆ ಮೇಲೇರಿ ಶಿಖರವೊಂದನ್ನು ಬಿಡಿಸಿ, ಬಾಚಣಿಗೆ ಹೊರಬಿದ್ದ ಕ್ಷಣವೇ ಕೆಳಗೆ ಬೀಳುತ್ತದೆ. ಬ್ಲೀಚ್ ಹಾಕಿದ ಒದ್ದೆ ಕುಚ್ಚಿನಲ್ಲಿ ಆ ಶಿಖರ ಬಹು ಎತ್ತರ. ಅದೇ ಕುಚ್ಚಿಗೆ ಕಂಡೀಷನರ್ ಸವರಿ ತೊಳೆದು ಮತ್ತೆ ಬಾಚಿದರೆ ಶಿಖರವು ದಿಬ್ಬವಾಗುತ್ತದೆ, ಹಲವು ವೇಳೆ ದಿಬ್ಬವೂ ಉಳಿಯುವುದಿಲ್ಲ. ನೋಡುವುದಕ್ಕೆ ಮಂತ್ರದಂತಿರುವ ಈ ಪರಿಣಾಮದ ಕಾರಣ ಸರಳ. ಹಾನಿಗೊಂಡ ಕೂದಲಿನ ಮೈಮೇಲೆ ಋಣ ವಿದ್ಯುದಂಶವು ಹೆಚ್ಚಿರುತ್ತದೆ. ಕಂಡೀಷನರಿನ ಮುಖ್ಯ ದ್ರವ್ಯಗಳು ಧನ ವಿದ್ಯುದಂಶವುಳ್ಳವು. ಎಲ್ಲಿ ಹಾನಿ ಹೆಚ್ಚೋ ಅಲ್ಲಿಯೇ ಅವು ಹೆಚ್ಚಾಗಿ ಅಂಟಿ, ತಮ್ಮ ಸ್ನಿಗ್ಧವಾದ ಬಾಲವನ್ನು ಹೊರಕ್ಕೆ ಚಾಚಿ, ಕಳೆದುಹೋದ ಸ್ನಿಗ್ಧಾಮ್ಲದ ಸ್ಥಾನದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡುತ್ತವೆ. ಸಿಲಿಕೋನುಗಳ ಕಾರ್ಯವೂ ಹೆಚ್ಚುಕಡಮೆ ಇದೇ ದಾರಿಯದು.

ಈ ಜಾರುಗುಣವನ್ನು ತಾತ್ಸಾರ ಮಾಡತಕ್ಕದ್ದಲ್ಲ. ಬಾಚುವಾಗ ಸಿಕ್ಕಿನಲ್ಲಿ ಸಿಲುಕಿ ತುಂಡಾಗುವ ಕೂದಲೇ ಹೆಚ್ಚು. ಸಿಕ್ಕು ಕಡಮೆಯಾದರೆ ತುಂಡುಗಳೂ ಕಡಮೆಯಾಗುತ್ತವೆ. ತಿರುಗುವ ಚಕ್ರಕ್ಕೆ ಬಾಚಣಿಗೆಗಳನ್ನು ಕಟ್ಟಿ, ಕುಚ್ಚುಗಳನ್ನು ಸಾವಿರಾರು ಬಾರಿ ಬಾಚಿಸಿ, ಕೆಳಗಿನ ತಟ್ಟೆಯಲ್ಲಿ ಬಿದ್ದ ತುಂಡುಗಳನ್ನು ಎಣಿಸುವ ಪರೀಕ್ಷೆಯೊಂದುಂಟು. ಒಂದು ಕಡೆ ಬರಿಯ ಶಾಂಪೂವಿನಿಂದ ತೊಳೆದ ಕುಚ್ಚು, ಇನ್ನೊಂದು ಕಡೆ ಶಾಂಪೂವಿನ ಮೇಲೆ ಕಂಡೀಷನರ್ ಪಡೆದ ಕುಚ್ಚು. ನೂರು ತುಂಡುಗಳು ಬಿದ್ದ ಕಡೆ ಹತ್ತೇ ಬಿದ್ದರೆ, ‘ಶೇಕಡಾ 90ರಷ್ಟು ಕಡಮೆ ತುಂಡಾಗುವಿಕೆ’ ಎಂಬ ಮಾತು ಅಕ್ಷರಶಃ ಸತ್ಯವಾಯಿತು. ಶೀಷೆಯ ಮೇಲೆ ಅದು ‘90 ಪಟ್ಟು ಬಲಿಷ್ಠ’ ಎಂದೋ, ‘ಒಳಗಿನಿಂದ ದೃಢ’ ಎಂದೋ ರೂಪಾಂತರ ಹೊಂದಿದಾಗ ಸತ್ಯವು ಹಿಂದೆಯೇ ಉಳಿಯಿತು. ಎಳೆಯ ಬಲ ಕಿಂಚಿತ್ತೂ ಹೆಚ್ಚಿಲ್ಲ. ಅದರ ಮೇಲೆ ಬೀಳುತ್ತಿದ್ದ ಬಲ ಕಡಮೆಯಾಗಿದೆ. ತೀರಾ ಅಗ್ಗದ ಕಂಡೀಷನರೂ ಈ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆಯಬಲ್ಲುದೆಂಬುದು ದುಬಾರಿ ಶೀಷೆಯನ್ನು ಕೊಳ್ಳುವವರು ತಿಳಿದಿರಬೇಕಾದ ಸಂಗತಿ.

ಎಳೆಯ ಸ್ವಂತ ಬಲವನ್ನು ತಿಳಿಯಬೇಕಾದರೆ ಒಂದೊಂದೇ ಕೂದಲನ್ನು ಎಳೆದು ನೋಡಬೇಕು. ಅಡ್ಡಕೊಯ್ತದ ವಿಸ್ತಾರವನ್ನು ಲೇಸರ್ ಬೆಳಕಿನಿಂದ ಅಳೆದ ಮೇಲೆ, ಎರಡು ಹಿಡಿಕೆಗಳ ನಡುವೆ ಎಳೆಯನ್ನು ಬಿಗಿದು ನಿಧಾನವಾಗಿ ಹಿಗ್ಗಿಸುತ್ತಾರೆ. ಮೊದಲ ನೂರಕ್ಕೆ ಎರಡರಷ್ಟು ಹಿಗ್ಗುವವರೆಗೆ ಅದು ಬಿಗಿಯಾಗಿ ಎದುರು ನಿಲ್ಲುತ್ತದೆ. ಅಲ್ಲಿಂದ ಮುಂದೆ, ಆಸ್ಟ್‌ಬರಿಯವರು ಕಂಡ ಆ ಸುರುಳಿಗಳು ಬಿಚ್ಚಿಕೊಳ್ಳತೊಡಗಿ, ನೂರಕ್ಕೆ ಇಪ್ಪತ್ತೈದು ಮೂವತ್ತರವರೆಗೆ ಹೆಚ್ಚಿನ ಬಲ ಬೇಡದೆಯೇ ಹಿಗ್ಗುತ್ತ ಹೋಗುತ್ತದೆ. ಆಮೇಲೆ ಮತ್ತೆ ಗಡುಸಾಗಿ, ಮೂಲದ ಉದ್ದಕ್ಕೆ ಸುಮಾರು ಅರ್ಧದಷ್ಟು ಸೇರಿದಾಗ ತುಂಡಾಗುತ್ತದೆ. ಇಲ್ಲಿ ಅನುಭವವಿಲ್ಲದ ಪರೀಕ್ಷಕರನ್ನು ಎಡವಿಸತಕ್ಕ ಒಂದು ಸೂಕ್ಷ್ಮವಿದೆ. ಬ್ಲೀಚ್ ಹಾಕಿದ ಕೂದಲನ್ನೂ ಹಾಕದ ಕೂದಲನ್ನೂ ಒಣಗಿದ ಸ್ಥಿತಿಯಲ್ಲಿ ಎಳೆದರೆ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಏಕೆಂದರೆ ಒಣ ಕೂದಲಿನಲ್ಲಿ ಹೈಡ್ರೋಜನ್ ಬಂಧಗಳೆಂಬ ಅಸಂಖ್ಯಾತ ಸಣ್ಣ ಕೊಂಡಿಗಳು ಭಾರವನ್ನು ಹಂಚಿಕೊಂಡು ಗಂಧಕದ ಕೊಂಡಿಗಳ ನಷ್ಟವನ್ನು ಮರೆಮಾಚುತ್ತವೆ. ನೀರಿನಲ್ಲಿ ನೆನೆಸಿ ಎಳೆದಾಗ ಆ ಸಣ್ಣ ಕೊಂಡಿಗಳು ಸಡಲಿ, ಹಾನಿಯ ನಿಜರೂಪ ಬಯಲಾಗುತ್ತದೆ. ಆದುದರಿಂದ ಒಳಗಿನ ಜೀರ್ಣೋದ್ಧಾರವಾಗಿದೆಯೆಂದು ಸಾಧಿಸಹೊರಟವರು ಒಣ ಕೂದಲಿನ ಅಂಕಿಯನ್ನು ಮಾತ್ರ ತೋರಿಸಿದರೆ, ಒದ್ದೆಯ ಅಂಕಿ ಎಲ್ಲಿ ಎಂದು ಕೇಳುವುದು ಯುಕ್ತ.

ಇದೇ ಉದ್ದೇಶಕ್ಕೆ ಶಾಖದ ಪರೀಕ್ಷೆಯೂ ಒದಗುತ್ತದೆ. ಕೂದಲಿನ ಚೂರುಗಳನ್ನು ನೀರಿನೊಂದಿಗೆ ಲೋಹದ ಪುಟ್ಟ ಸಂಪುಟದಲ್ಲಿ ಮುಚ್ಚಿ ಕಾಯಿಸಿದರೆ, ಹಾನಿಯಿಲ್ಲದ ಕೂದಲಿನ ಸುರುಳಿಗಳು ಸುಮಾರು 150 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುಸಿಯುತ್ತವೆ. ಬ್ಲೀಚ್ ಎಷ್ಟೆಷ್ಟು ತೀವ್ರವೋ ಅಷ್ಟಷ್ಟು ಬೇಗನೆ ಕುಸಿಯುತ್ತವೆ. ಬಂಧಗಳನ್ನು ಮತ್ತೆ ಬೆಸೆಯುತ್ತೇವೆಂಬ ದ್ರವ್ಯಗಳು 2014ರಲ್ಲಿ ಕ್ಯಾಲಿಫೋರ್ನಿಯಾದ ಓಲಪ್ಲೆಕ್ಸ್ ಮಾರುಕಟ್ಟೆಗೆ ಬಂದ ಮೇಲೆ ಒಂದರ ಹಿಂದೆ ಒಂದರಂತೆ ಹೊರಟವಷ್ಟೆ. ಅಂಥವುಗಳ ವಾದದಲ್ಲಿ ಈ ಕುಸಿಯುವ ಉಷ್ಣತೆಯ ಏರಿಕೆಯೇ ಮುಖ್ಯ ಸಾಕ್ಷಿಯಾಗಿ ಬರುವುದುಂಟು. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬೇಕು. ದ್ರವ್ಯವು ಆಮ್ಲಗುಣದ್ದಾಗಿದ್ದರೆ, ಆ ಆಮ್ಲತೆಯೊಂದೇ ಪ್ರೋಟೀನುಗಳ ನಡುವಣ ಲವಣಬಂಧಗಳ ಸಮತೋಲವನ್ನು ಬದಲಿಸಿ ಉಷ್ಣತೆಯನ್ನು ಕೆಲವು ಡಿಗ್ರಿ ಏರಿಸಬಲ್ಲುದು. ಗಂಧಕದ ಕೊಂಡಿ ಒಂದೂ ಬೆಸೆದಿರಬೇಕಾಗಿಲ್ಲ. ಆದಕಾರಣ ಅದೇ ಲೇಪನವನ್ನು ಅದೇ ಆಮ್ಲತೆಯಲ್ಲಿ, ಹೆಗ್ಗಳಿಕೆಯ ದ್ರವ್ಯವೊಂದನ್ನು ಮಾತ್ರ ಬಿಟ್ಟು ತಯಾರಿಸಿ, ಅದರೊಡನೆ ಹೋಲಿಸಬೇಕು. ಹಲವು ಸಲ ಶಾಂಪೂವಿನಿಂದ ತೊಳೆದ ಬಳಿಕ ಮತ್ತೆ ಅಳೆಯಬೇಕು. ತೊಳೆದರೆ ಹೋಗುವಂಥದು ಲೇಪನ. ನೀರಿನಲ್ಲಿ ಕರಗುವಂತೆ ತುಂಡರಿಸಿದ ಕೆರಾಟಿನನ್ನು ಸೇರಿಸಿದ ಶಾಂಪೂಗಳಿಗೂ ಈ ತೊಳೆಯುವ ಪರೀಕ್ಷೆಯೇ ಅಗ್ನಿಪರೀಕ್ಷೆ: ದೊಡ್ಡ ತುಣುಕುಗಳು ಹೊರಮೈಯಲ್ಲೇ ನಿಲ್ಲುತ್ತವೆ, ಒಳಹೊಕ್ಕಷ್ಟು ಚಿಕ್ಕವು ಬಂದ ದಾರಿಯಲ್ಲೇ ಹಿಂದಿರುಗಲೂ ಬಲ್ಲವು.

ಜೀರ್ಣೋದ್ಧಾರಕ್ಕಿಂತ ರಕ್ಷಣೆಯನ್ನು ಸಾಧಿಸಿ ತೋರಿಸುವುದು ಸುಲಭವೆಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಮುಂಬಯಿಯ ಮಾರಿಕೊ ಸಂಸ್ಥೆಯ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಎಂಬ ವಿಜ್ಞಾನಿಗಳು 1999ರಲ್ಲಿಯೂ 2003ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ, ಎಣ್ಣೆ ಸವರಿದ ಮತ್ತು ಸವರದ ಕೂದಲಿನಿಂದ ಎಷ್ಟೆಷ್ಟು ಪ್ರೋಟೀನು ನಷ್ಟವಾಗುವುದೆಂಬುದನ್ನು ಅಳೆದು ಹೋಲಿಸಿದರು. ತೊಳೆಯುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿದ ಕೂದಲು ಗಣನೀಯವಾಗಿ ಕಡಮೆ ಪ್ರೋಟೀನನ್ನು ಕಳೆದುಕೊಂಡಿತು. ಸೂರ್ಯಕಾಂತಿ ಎಣ್ಣೆಯೂ ಖನಿಜ ತೈಲವೂ ಆ ಉಪಕಾರವನ್ನು ಮಾಡಲಿಲ್ಲ. ಕೊಬ್ಬರಿ ಎಣ್ಣೆಯ ಮುಖ್ಯಾಂಶವಾದ ಲಾರಿಕ್ ಆಮ್ಲದ ಕೊಬ್ಬು ಚಿಕ್ಕ ನೇರ ಸರಪಳಿಯದಾದುದರಿಂದ ಕೂದಲಿನೊಳಕ್ಕೆ ಇಳಿಯುವುದೆಂಬ ಅವರ ವಿವರಣೆಗೆ, 2001ರಲ್ಲಿ ಪ್ರಿನ್ಸ್‌ಟನ್ ಸಂಸ್ಥೆಯವರೊಡಗೂಡಿ ನಡೆಸಿದ ಅಯಾನು ಪರೀಕ್ಷೆಯು ಆಧಾರ ಒದಗಿಸಿತು. ಕೊಬ್ಬರಿ ಎಣ್ಣೆಯನ್ನು ಮಾರತಕ್ಕ ಸಂಸ್ಥೆಯೇ ಕೊಬ್ಬರಿ ಎಣ್ಣೆಯ ಹಿರಿಮೆಯನ್ನು ಅಳೆದಿದೆಯೆಂಬುದನ್ನು ಓದುಗರು ಲಕ್ಷ್ಯದಲ್ಲಿಡಬೇಕಾದದ್ದೇ. ಆದರೂ ಕ್ರಮವನ್ನು ವಿವರವಾಗಿ ಬರೆದು ಪ್ರಕಟಿಸಿದ್ದರಿಂದ ಬೇರೆಯವರು ಅದನ್ನು ಪುನಃ ನಡೆಸಿ ನೋಡಲು ದಾರಿಯಾಯಿತು. ಅಭ್ಯಂಜನದ ನಮ್ಮ ಪದ್ಧತಿಯಲ್ಲಿ ಎಣ್ಣೆ ಮೊದಲು, ಸೀಗೆಕಾಯಿ ಆಮೇಲೆ. ಈ ಅನುಕ್ರಮಕ್ಕೆ ಪ್ರಯೋಗದ ಬೆಂಬಲ ದೊರೆತಂತಾಯಿತೆಂದು ಹೆಮ್ಮೆಪಡುವವರು, ತಮ್ಮ ಮನೆಯಲ್ಲಿ ಬಳಸುತ್ತಿದ್ದುದು ಹರಳೆಣ್ಣೆಯಾಗಿದ್ದ ಪಕ್ಷದಲ್ಲಿ ಸ್ವಲ್ಪ ತಡೆಯುವುದೊಳ್ಳೆಯದು. ಕೊಬ್ಬರಿಯ ಪುಣ್ಯ ಹರಳಿಗೆ ತಾನಾಗಿ ಸಲ್ಲುವುದಿಲ್ಲ.

ಕುಚ್ಚುಗಳ ಪರೀಕ್ಷೆ ಎಷ್ಟು ಶುದ್ಧವಾಗಿದ್ದರೂ ಕುಚ್ಚು ತಲೆಯಲ್ಲ. ಕೊನೆಗೆ ಮನುಷ್ಯರ ತಲೆಗೇ ಬರಬೇಕಾಗುತ್ತದೆ, ಮತ್ತು ಅಲ್ಲಿ ಸರ್ವಮಾನ್ಯವಾದ ಕ್ರಮವೆಂದರೆ ಅರ್ಧತಲೆಯ ಪರೀಕ್ಷೆ. ಸ್ವಯಂಸೇವಕಿಯೊಬ್ಬಳ ಬೈತಲೆಯನ್ನು ನಟ್ಟನಡುವೆ ತೆಗೆದು, ಒಂದು ಪಾರ್ಶ್ವಕ್ಕೆ ಪರೀಕ್ಷೆಯ ಲೇಪನವನ್ನೂ ಇನ್ನೊಂದಕ್ಕೆ ಹೋಲಿಕೆಯ ಲೇಪನವನ್ನೂ ಒಂದೇ ಅಳತೆಯಲ್ಲಿ ಹಚ್ಚಿ, ಒಂದರ ನೊರೆ ಮತ್ತೊಂದಕ್ಕೆ ಹರಿಯದಂತೆ ತೊಳೆದು, ಯಾವ ಕಡೆಗೆ ಯಾವುದೆಂಬುದನ್ನರಿಯದ ನುರಿತ ಕೈಗಳಿಂದ ಬಾಚಿಸಿ ಮುಟ್ಟಿಸಿ ಅಂಕ ಹಾಕಿಸುತ್ತಾರೆ. ಒಬ್ಬಳಿಗೆ ಎಡಕ್ಕಾದರೆ ಮತ್ತೊಬ್ಬಳಿಗೆ ಬಲಕ್ಕೆ. ಏಕೆಂದರೆ ಬಲಗೈಯವರು ಬಾಚುವಾಗ ಎರಡು ಪಾರ್ಶ್ವಗಳಿಗೂ ಒಂದೇ ನ್ಯಾಯ ದೊರಕುವುದಿಲ್ಲ. ಹೊಳಪು, ನುಣುಪು, ಸಿಕ್ಕು ಬಿಡುವಿಕೆ ಇವುಗಳಿಗೆ ಈ ಕ್ರಮ ಯೋಗ್ಯ. ತಿರುಳಿನೊಳಗೆ ಏನಾಯಿತೆಂಬುದನ್ನು ಬೆರಳ ತುದಿ ಹೇಳಲಾರದು. ‘ನೂರರಲ್ಲಿ ಇಷ್ಟು ಮಂದಿ ತಮ್ಮ ಕೂದಲು ಬಲಗೊಂಡಿತೆಂದು ಒಪ್ಪಿದರು’ ಎಂಬ ಬಗೆಯ ವಾಕ್ಯಗಳನ್ನು ನಾನು ಅಭಿಪ್ರಾಯಸಂಗ್ರಹವೆಂದು ಓದುತ್ತೇನೆಯೇ ಹೊರತು ಅಳತೆಯೆಂದಲ್ಲ. ಜಾಹೀರಾತಿನ ಮಾತಿಗೆ ಆಧಾರವಿರಬೇಕೆಂಬ ನಿಯಮವೇನೋ ನಮ್ಮಲ್ಲೂ ಉಂಟು; 1985ರಲ್ಲಿ ಸ್ಥಾಪಿತವಾದ ಭಾರತೀಯ ಜಾಹೀರಾತು ಮಾನಕ ಮಂಡಳಿಯು ಜಾಹೀರಾತುದಾರರ ಸ್ವನಿಯಂತ್ರಣದ ಸಂಸ್ಥೆಯಾಗಿದ್ದು, ದೂರು ಬಂದಾಗ ಆಧಾರವನ್ನು ಕೇಳುತ್ತದೆ. ಆಧಾರ ಕೊಟ್ಟ ಮಾತ್ರಕ್ಕೆ ಅದು ಕೊಳ್ಳುವವರ ಪ್ರಶ್ನೆಗೆ ಉತ್ತರವಾಗಿರಬೇಕೆಂದೇನೂ ಇಲ್ಲ.

ಕಣ್ಣಿಗೆ ಕಾಣುವಂತೆ ಸೀಳಿದ ತುದಿಗಳ ವಿಷಯ ಉಳಿಯಿತು. ಹಾನಿಯ ಪ್ರಕಾರಗಳಲ್ಲಿ ಜನರಿಗೆ ಅತ್ಯಂತ ಪರಿಚಿತವಾದದ್ದು ಇದೇ. ಪರೀಕ್ಷೆಯೂ ಬಹಳ ನೇರ. ಸೀಳಿದ ತುದಿಯುಳ್ಳ ಎಳೆಗಳನ್ನು ಒಂದೊಂದಾಗಿ ಆರಿಸಿ, ಗುರುತು ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಚಿತ್ರ ತೆಗೆದು, ಲೇಪನ ಹಚ್ಚಿ ಒಣಗಿಸಿ, ಎಷ್ಟು ಕೂಡಿಕೊಂಡವೆಂದು ಎಣಿಸುತ್ತಾರೆ. ಧನ ಋಣ ವಿದ್ಯುದಂಶಗಳ ಎರಡು ಪಾಲಿಮರುಗಳನ್ನು ಕೂಡಿಸಿ ತಯಾರಿಸಿದ ಅಂಟುಗಳು ಈ ಮೊದಲ ಎಣಿಕೆಯಲ್ಲಿ ಚೆನ್ನಾಗಿಯೇ ಗೆಲ್ಲುತ್ತವೆ. ಎರಡನೆಯ ಎಣಿಕೆ ನಡೆಯುವುದು ಬಾಚಿದ ಮೇಲೆ; ಮೂರನೆಯದು ಶಾಂಪೂ ಹಾಕಿ ತೊಳೆದು, ಒಣಗಿಸಿ, ಮತ್ತೆ ಬಾಚಿದ ಮೇಲೆ. ಒಂದೊಂದು ಎಣಿಕೆಯಲ್ಲಿಯೂ ಮತ್ತಷ್ಟು ತುದಿಗಳು ಬಿಟ್ಟುಕೊಂಡು, ಕೂಡಿದ್ದ ಎಳೆಗಳ ಸಂಖ್ಯೆ ಇಳಿಯುತ್ತ ಹೋಗುವುದು ಸಾಮಾನ್ಯ; ಶೀಷೆಯ ಮೇಲೆ ಅಚ್ಚಾಗಿರುವುದು ಈ ಮೂರರಲ್ಲಿ ಯಾವುದರ ಅಂಕಿಯೆಂಬುದು ಆ ಸಣ್ಣ ಅಕ್ಷರಗಳಲ್ಲಿ ಬರೆದಿದ್ದರೆ ಓದಿ ತಿಳಿಯಬಹುದು, ಬರೆದಿಲ್ಲದಿದ್ದರೆ ಅದು ಮೊದಲನೆಯದೆಂದು ಭಾವಿಸುವುದರಲ್ಲಿ ಹೆಚ್ಚು ಅನ್ಯಾಯವಾಗಲಾರದು.